ಬಳೆಗಾರ ಖಾಲಾನ ನಿದ್ದೆ

ಗಾಣಿಗರ ಮನೆಯ ಹುಡುಗ ವೈದ್ಯನಾಗುವುದು ಎಂದಿಗೂ ಆಗದ ಮಾತು ಎಂದು ಹೇಳಿದವರು ವಿಜಾಪುರದ ಧರ್ಮಾರ್ಥ ಔಷಧಾಲಯದ ಮುಖ್ಯ ವೈದ್ಯರು. ಬೆನ್ನ ಹಿಂದೆ ಹೇಳಿದ್ದಲ್ಲ. ನಾನು ಪದವಿಯ ಕಾಗದವನ್ನು ಅವರ ಮೇಜಿನ ಮೇಲಿಟ್ಟು ನಿಂತಿದ್ದೆ, ಹೊರಗಿನ ಬೆಂಚಿನ ಮೇಲೆ ರೋಗಿಗಳು ಕಿವಿಗೊಟ್ಟು ಕೂತಿದ್ದರು, ಅವರು ಎಲೆಗೆ ಸುಣ್ಣ ಸವರುತ್ತ ಹೇಳಿದರು.

"ಪದವಿ ತಗೊಂಡೀರಿ, ಇಲ್ಲ ಅನ್ನೂದಿಲ್ಲ. ಆದ್ರ ವೈದ್ಯಕಿ ರಕ್ತದಾಗ ಇರಬೇಕಾಗ್ತದ. ನಮ್ಮದು ಏಳನೇ ತಲಿ. ನಿಮ್ಮಪ್ಪ ಎತ್ತಿನ ಹಿಂದ ಸುತ್ತತಾನ. ನೀವೂ ಸುತ್ತಿ ಸುತ್ತಿ ಅಲ್ಲೇ ಹೋಗಿ ನಿಲ್ಲಾವ್ರು."

ಬೆಂಚಿನಲ್ಲಿ ಯಾರೋ ನಕ್ಕರು. ಬಬಲೇಶ್ವರದಲ್ಲಿ ನಮ್ಮದು ಒಂದೆತ್ತಿನ ಗಾಣ. ಮನೆಯಲ್ಲಿ ಸ್ವಂತ ಹೆಸರು ಬರೆಯಲು ಬರುತ್ತಿದ್ದವನು ನಾನೊಬ್ಬನೇ. ಅಪ್ಪ ಎತ್ತಿನ ಹಿಂದೆ ಸುತ್ತಿದ್ದರಿಂದಲೇ ನಾನು ಪರವೂರಿನ ಕಾಲೇಜಿನ ಮೆಟ್ಟಿಲು ಹತ್ತಿದ್ದೆ. ಅದನ್ನು ಬಾಯಿಬಿಟ್ಟು ಹೇಳಬೇಕೆನಿಸಿತು. ಆದರೆ ಸರಕಾರದ ವೈದ್ಯರ ಪಟ್ಟಿಯಲ್ಲಿ ಹೆಸರು ಸೇರಬೇಕಾದರೆ ಒಂದು ವರುಷ ಇಂಥ ಔಷಧಾಲಯದಲ್ಲಿ ದುಡಿದು, ಅಲ್ಲಿನ ಮುಖ್ಯ ವೈದ್ಯರಿಂದ ಅನುಭವದ ಸರ್ಟಿಫಿಕೇಟು ಪಡೆಯಬೇಕು ಎಂದು ನಮಗೆ ತಿಳಿಸಿದ್ದರು. ಆ ಸಹಿ ಇಲ್ಲದಿದ್ದರೆ ನನ್ನ ಪದವಿ ಗೋಡೆಗೆ ಅಂಟಿಸುವ ಚಿತ್ರ. ಸಹಿ ಹಾಕುವ ಕೈ ಈ ಮನುಷ್ಯರದು.

ಎರಡನೆಯ ಮಹಾಯುದ್ಧದ ಕಾಲ. ಔಷಧಾಲಯವನ್ನು ನಡೆಸುತ್ತಿದ್ದದ್ದು ಪೇಟೆಯ ವ್ಯಾಪಾರಿಗಳ ಒಂದು ಸಮಿತಿ. ಟಿಕೋಟಾದಲ್ಲಿ ಅದರದೊಂದು ಶಾಖೆ ಇತ್ತು. ಪೆಟ್ರೋಲು ಸಿಗದ್ದಕ್ಕೆ ಓಡಿಸುತ್ತಿದ್ದ ಇದ್ದಲಿ ಗ್ಯಾಸಿನ ಮೋಟಾರಿನಲ್ಲಿ ಕೂತು, ದಾರಿಯಲ್ಲಿ ಎರಡು ಸಲ ಇಳಿದು ತಳ್ಳಿ, ಮೈತುಂಬ ಮಸಿ ಮಾಡಿಕೊಂಡು ಅಲ್ಲಿಗೆ ಹೋಗಲು ಪಟ್ಟಣದ ವೈದ್ಯರು ಯಾರೂ ಒಪ್ಪುತ್ತಿರಲಿಲ್ಲ. ನನ್ನನ್ನು ಕಳಿಸಿದರು.

ಶಾಖೆ ಎಂದರೆ ಸಂತೆಯ ಬಯಲಿಗೆ ಬಾಗಿಲು ಮಾಡಿದ ಒಂದು ಕೋಣೆ. ಜ್ವರ, ಕೆಮ್ಮು, ಗಾಯಗಳಿಗೆ ಬರುವವರಿಗಿಂತ ಹೆಚ್ಚು ಜನ ಕೇಳುತ್ತಿದ್ದದ್ದು 'ನಿದ್ರಾ ಗುಳಿಗೆ'. ಮಗ ಪಲ್ಟನ್ನಿಗೆ ಹೋದ ತಾಯಂದಿರು, ಮೊಣಕಾಲು ನೋವಿನ ಮುದುಕರು, ಕನಮಡಿಯ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುವ ಒಕ್ಕಲಿಗರು, ಎಲ್ಲರಿಗೂ ಅದೇ ಬೇಕು. ಉಳಿದ ಔಷಧಗಳನ್ನು ನಾವು ಕುಟ್ಟಿ, ಸೋಸಿ, ಪುಡಿಕೆ ಕಟ್ಟುತ್ತಿದ್ದೆವು. ಈ ಗುಳಿಗೆ ಮಾತ್ರ ಮುಖ್ಯ ವೈದ್ಯರ ಒಳಕೋಣೆಯಿಂದ ಡಬ್ಬಿಯಲ್ಲಿ ಸಿದ್ಧವಾಗಿ ಬರುತ್ತಿತ್ತು. ಡಬ್ಬಿಯ ಚೀಟಿಯ ಮೇಲೆ, "ಜಟಾಮಾಂಸಿ, ಅಶ್ವಗಂಧ, ಬ್ರಾಹ್ಮಿ. ಶುದ್ಧ ವನಸ್ಪತಿ" ಎಂದು ಅಚ್ಚು.

ನಾನೂ ನಂಬಿ ಕೊಟ್ಟೆ. ಆದರೆ ಒಂದು ಮಾತು ಚುಚ್ಚುತ್ತಿತ್ತು. ಈ ಮೂರೂ ಬೇರು ಎಲೆಗಳ ಗುಣ ನಾನು ಓದಿದವನು, ಕಾಲೇಜಿನ ಆಸ್ಪತ್ರೆಯಲ್ಲಿ ಕೊಟ್ಟು ನೋಡಿದವನು. ಅವು ಮೆಲ್ಲಗೆ ಕೆಲಸ ಮಾಡುತ್ತವೆ. ಹತ್ತು ಹದಿನೈದು ದಿನ ಬಿಡದೆ ಕೊಟ್ಟರೆ ಮೈ ಸಡಿಲಾಗುತ್ತದೆ, ಆಮೇಲೆ ನಿದ್ದೆ. ಈ ಗುಳಿಗೆಯೋ, ನುಂಗಿದ ಮೊದಲ ದಿನವೇ ಮನುಷ್ಯನನ್ನು ಕೆಡವುತ್ತಿತ್ತು.

ನಮ್ಮ ಬಾಗಿಲ ಎದುರಿಗೆ ಬಳೆಗಾರ ಹೆಂಗಸೊಬ್ಬಳ ಅಂಗಡಿ. ಅಂಗಡಿ ಎಂದರೆ ನಾಲ್ಕು ಕೋಲಿಗೆ ಕಟ್ಟಿದ ಜಮಖಾನೆಯ ನೆರಳು, ಬಿದಿರಿನ ಬುಟ್ಟಿಗಳು. ಟಿಕೋಟಾದಲ್ಲಿ ತಲೆತಲಾಂತರದಿಂದ ಬಳೆ ತೊಡಿಸುವ ಮನೆತನ. ಊರೆಲ್ಲ ಅವಳಿಗೆ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಅಂದೆ. ಅವಳ ಒಬ್ಬನೇ ಮಗ ಯುದ್ಧಕ್ಕೆ ಹೋಗಿದ್ದ. ಅಂದಿನಿಂದ ನಿದ್ದೆಯಿಲ್ಲ. ವರುಷದಿಂದ ನಮ್ಮ ಗುಳಿಗೆ ನುಂಗುತ್ತಿದ್ದಳು.

ಒಂದು ಸಂತೆಯ ದಿನ ಮದುಮಗಳಿಗೆ ಬಳೆ ಇಡಿಸಲು ಕನಮಡಿಯ ಮನೆಯವರು ಬಂದಿದ್ದರು. ಹಸಿರು ಗಾಜಿನ ಬಳೆ, ಅಳತೆ ಬಿಗಿ. ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಅಂಗೈ ಎಲುಬುಗಳನ್ನು ಒತ್ತಿ, ಬಳೆಯನ್ನು ತಿರುವುತ್ತ ಏರಿಸಬೇಕು. ಒಂದು ಒಡೆಯಿತು. ಎರಡನೆಯದೂ ಒಡೆಯಿತು. ಮೂರನೆಯದು ಹುಡುಗಿಯ ಮುಂಗೈಗೆ ನೆಟ್ಟು ರಕ್ತ ಬಂತು.

"ಲಗ್ನದ ಹುಡುಗಿ ಕೈಯಾಗ ರಕ್ತ ತಗದ್ಯಲ್ಲ ಬೇ!" ಎಂದು ಹುಡುಗಿಯ ತಾಯಿ ಎದ್ದು ನಿಂತಳು. "ಕೈಯಾಗ ಶಕ್ತಿ ಇಲ್ಲಂದ್ರ ಬುಟ್ಟಿ ಸೊಸಿಗೆ ಕೊಟ್ಟು ಮನ್ಯಾಗ ಕೂಡಬೇಕು."

"ಕೈ ಏನೋ ಅಲ್ಲೇ ಐತಿ ಯವ್ವಾ, ಕೈಯಾಗಿಂದು ಜೀವಾ ಹೋಗೇತಿ," ಎಂದು ಖಾಲಾ ತನ್ನ ಬೆರಳುಗಳನ್ನೇ ನೋಡುತ್ತ ಕೂತಳು.

ನಾನು ಹೋಗಿ ಹುಡುಗಿಯ ಗಾಯ ಕಟ್ಟಿದೆ. ತಿರುಗಿ ಖಾಲಾನ ಮುಖ ನೋಡಿದೆ. ಜಮಖಾನೆಯ ನೆರಳಿನಲ್ಲಿ ಕೂತವಳ ಕಣ್ಣಿನ ಪಾಪೆ ಅಗಲವಾಗಿರಬೇಕಿತ್ತು. ಅದು ಸಾಸಿವೆಕಾಳಿನಷ್ಟಾಗಿತ್ತು. ಬಾಯಿ ಒಣಗಿತ್ತು. ಹೊಟ್ಟೆ ಹೇಗಿದೆ ಎಂದು ಕೇಳಿದರೆ, "ವಾರಕ್ಕ ಒಮ್ಮೆ ಹೋದ್ರ ಪುಣ್ಯಾ" ಎಂದಳು. ಜಟಾಮಾಂಸಿ ಇದನ್ನು ಮಾಡುವುದಿಲ್ಲ. ಬ್ರಾಹ್ಮಿ ಮಾಡುವುದಿಲ್ಲ. ಇದನ್ನು ಮಾಡುವ ವಸ್ತು ಯಾವುದೆಂದು ನನಗೆ ಗೊತ್ತಿತ್ತು. ಅದು ಸರಕಾರದ ಪರವಾನಗಿ ಅಂಗಡಿಯಲ್ಲಿ ಮಾತ್ರ ಸಿಗುವ ವಸ್ತು.

ಗೊತ್ತಿದ್ದರೆ ಸಾಲದು, ತೋರಿಸಬೇಕು. ವಿಜಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರರೊಬ್ಬರ ಪರಿಚಯವಿತ್ತು. ರವಿವಾರ ಅವರ ಪ್ರಯೋಗದ ಕೋಣೆಯಲ್ಲಿ ಗುಳಿಗೆಗಳನ್ನು ಅರೆದು, ಬೆಚ್ಚಗಿನ ನೀರಿನಲ್ಲಿ ಕದಡಿ, ಶಾಯಿ ಹೀರುವ ಕಾಗದದಲ್ಲಿ ಸೋಸಿದೆವು. ಸೋಸಿದ ನೀರಿಗೆ ಫೆರಿಕ್ ಕ್ಲೋರೈಡಿನ ಹನಿ ಬಿಟ್ಟೆವು. ರಕ್ತದಂಥ ಕೆಂಪು ಬಂತು. ಅವಸರ ಬೇಡವೆಂದು ಅದಕ್ಕೆ ತೇಜಾಬಿನ, ಅಂದರೆ ಆಸಿಡ್ಡಿನ, ಹನಿ ಹಾಕಿ ಕಾಯಿಸಿದೆವು. ಬೇರೆ ಕೆಂಪಾದರೆ ಅಷ್ಟಕ್ಕೆ ಮಾಸಬೇಕಿತ್ತು, ಇದು ಮಾಸಲಿಲ್ಲ. ಆಮೇಲೆ ನಾನೇ ತಂದಿದ್ದ ಶುದ್ಧ ಜಟಾಮಾಂಸಿ, ಅಶ್ವಗಂಧ, ಬ್ರಾಹ್ಮಿಯ ಕಷಾಯಕ್ಕೆ ಅದೇ ಹನಿ ಬಿಟ್ಟೆ. ಅದು ಹಸಿರುಗಪ್ಪಾಗಿ ಕೊಳೆನೀರಿನ ಹಾಗೆ ಕಂಡಿತು.

"ಅಫೀಮು," ಎಂದರು ಮಾಸ್ತರರು. "ನನ್ನ ಹೆಸರು ಮಾತ್ರ ಎಲ್ಲೂ ತಗೀಬ್ಯಾಡ್ರಿ. ನಮ್ಮ ಸಾಲಿಗೆ ದೇಣಿಗಿ ಕೊಡಾವ್ರೂ ಅದ ಸಮಿತಿಯವ್ರು."

ಇಲ್ಲಿಯವರೆಗೆ ತೆಗೆದಿಲ್ಲ, ಇಲ್ಲೂ ತೆಗೆದಿಲ್ಲ.

ಮರುದಿನ ಮುಖ್ಯ ವೈದ್ಯರ ಎದುರು ನಿಂತು ಕೇಳಿದೆ. ಅವರು ಗಾಬರಿಯಾಗಲಿಲ್ಲ. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ. ಕಳ್ಳನಿಗಾದರೂ ಸಿಕ್ಕಿಬಿದ್ದಾಗ ಮುಖ ಬಾಡುತ್ತದೆ.

"ಅಫೀಮು, ಅಹಿಫೇನ ಅಂತ, ಶಾಸ್ತ್ರದಾಗ ಅದ. ನಿಮ್ಮ ಕಾಲೇಜಿನಾಗ ಹೇಳಿಕೊಡಲಿಲ್ಲೇನು?"

"ಹೇಳ್ಯಾರ್ರಿ. ಯಾವ ರೋಗಕ್ಕ, ಎಷ್ಟು ತೂಕ, ಎಷ್ಟು ದಿನ, ಯಾವಾಗ ನಿಲ್ಲಸಬೇಕು ಅಂತನೂ ಹೇಳ್ಯಾರ. ಚೀಟಿಮ್ಯಾಲ ಬ್ಯಾರೆ ಹೆಸರು ಬರದು ವರ್ಷಗಟ್ಟಲೆ ತಿನಸ್ರಿ ಅಂತ ಹೇಳಿಕೊಡಲಿಲ್ಲ."

"ಮಂದಿ ನಿದ್ದಿ ಕೇಳ್ತಾರ, ನಾವು ನಿದ್ದಿ ಕೊಡ್ತೀವಿ. ನೀವು ಸುಮ್ನ ಟಿಕೋಟಾಕ್ಕ ಹೋಗಿ ಡಬ್ಬಿ ಹಂಚ್ರಿ. ವರ್ಷ ಮುಗದ ದಿನ ಸಹಿ ಮಾಡ್ತೀನಿ. ಇಲ್ಲಂದ್ರ ಗಾಣ ಅದಲ್ಲ ಮನ್ಯಾಗ."

ಮೋಟಾರಿನಲ್ಲಿ ಕೂತು ಟಿಕೋಟಾಕ್ಕೆ ಹೋಗುವಷ್ಟು ಹೊತ್ತೂ ಡಬ್ಬಿ ನನ್ನ ತೊಡೆಯ ಮೇಲಿತ್ತು. ಇಳಿದವನು ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ನೇರವಾಗಿ ಖಾಲಾನ ನೆರಳಿಗೆ ಹೋದೆ. ಅವಳು ನುಂಗುತ್ತಿದ್ದದ್ದು ಏನೆಂದು ಹೇಳಿದೆ. ಒಮ್ಮೆಲೆ ಬಿಡಬಾರದು, ಅರ್ಧ, ಆಮೇಲೆ ಕಾಲು, ಹೀಗೆ ಇಳಿಸಬೇಕು ಎಂದೂ ಹೇಳಿದೆ.

ಆ ಎರಡನೆಯ ಮಾತು ಅವಳ ಕಿವಿಗೆ ಹೋಗಲೇ ಇಲ್ಲ.

"ಅಫೀಮು? ನನಗ? ರೋಜಾ ಉಪಾಸ ಹಿಡದ ಬಾಯಾಗ ಅಫೀಮು ಹಾಕ್ಯಾರು?" ಎಂದು ಎದ್ದಳು. ಮನೆಗೆ ಹೋಗಿ, ಇದ್ದ ಗುಳಿಗೆಗಳನ್ನೆಲ್ಲ ತಂದು ನಮ್ಮ ಬಾಗಿಲ ಮುಂದಿನ ಗಟಾರಕ್ಕೆ ಸುರಿದಳು. ಸಂತೆಯ ಜನ ಸುತ್ತ ನಿಂತರು.

"ಖಾಲಾ, ಹಂತಹಂತವಾಗಿ ಬಿಡಬೇಕ್ರಿ. ಇಲ್ಲಂದ್ರ ಭಾಳ ತ್ರಾಸ ಆಗ್ತೈತಿ."

"ಗೊತ್ತಿಲ್ದ ತಿಂದದ್ದನ್ನ ಅಲ್ಲಾ ಮಾಫ್ ಮಾಡ್ತಾನ ಬೇಟಾ. ಗೊತ್ತಿದ್ದ ತಿಂದ್ರ ಏನಂತ ಹೇಳಲಿ?"



ಮರುದಿನದಿಂದ ಶುರುವಾಯಿತು. ಮೂಗು ಕಣ್ಣು ಸೋರಿದವು. ಮೈಮೇಲೆ ಮುಳ್ಳು. ಎಲುಬುಗಳನ್ನು ಯಾರೋ ಹಿಂಡುತ್ತಾರೆ ಎಂದು ಒದ್ದಾಡಿದಳು. ವಾರಕ್ಕೊಮ್ಮೆ ಹೋಗುತ್ತಿದ್ದ ಹೊಟ್ಟೆ ಈಗ ನಿಲ್ಲಲೇ ಇಲ್ಲ. ನಾನು ವಿಜಾಪುರಕ್ಕೆ ತಿರುಗಿ ಹೋಗದೆ ಶಾಖೆಯ ಕೋಣೆಯಲ್ಲೇ ಉಳಿದೆ. ಅಕ್ಕಿಯ ತಿಳಿಗಂಜಿಗೆ ಉಪ್ಪು ಹಾಕಿ ಸ್ವಲ್ಪ ಸ್ವಲ್ಪವೇ ಕುಡಿಸಲು ಸೊಸೆಗೆ ಹೇಳಿದೆ. ಜಾಯಿಕಾಯಿಯನ್ನು ಕಲ್ಲಿನ ಮೇಲೆ ತೇಯ್ದು ಮಜ್ಜಿಗೆಯಲ್ಲಿ ಕದಡಿ ಕೊಟ್ಟೆ. ಅದು ಹೊಟ್ಟೆಯನ್ನು ಕಟ್ಟುತ್ತದೆ, ಒಂದಿಷ್ಟು ಜೊಂಪನ್ನೂ ತರುತ್ತದೆ. ಹೆಚ್ಚಾದರೆ ಅದೂ ತಲೆಗೇರುವ ವಸ್ತು, ಆದ್ದರಿಂದ ತೇಯುವುದನ್ನು ನಾನೇ ಮಾಡಿದೆ.

ಸುದ್ದಿ ಪಟ್ಟಣ ಮುಟ್ಟಿತು. ಎಂದೂ ಟಿಕೋಟಾದ ಮುಖ ನೋಡದ ಮುಖ್ಯ ವೈದ್ಯರು ಬಾಡಿಗೆ ಟಾಂಗಾದಲ್ಲಿ ಬಂದರು. ಖಾಲಾನ ಬಾಗಿಲಲ್ಲಿ ನಿಂತು, ಓಣಿಯೆಲ್ಲ ಕೇಳುವಂತೆ ಅಂದರು:

"ನೋಡ್ರಿ, ನಮ್ಮ ಔಷಧ ತಿಂದು ಒಂದು ವರ್ಷ ಆರಾಮಿದ್ಳು. ಈ ಹೊಸಾ ಡಾಕ್ಟರು ಬಿಡಿಸಿದ್ರು, ಎರಡು ದಿನಕ್ಕ ಹಾಸಿಗಿ ಹಿಡದ್ಳು. ಈಗ ಎರಡು ಗುಳಿಗಿ ಕೊಡ್ರಿ, ಸಂಜಿಕ ಎದ್ದು ಕೂಡ್ಲಿಲ್ಲಂದ್ರ ನನ್ನ ಹೆಸರು ತಗೀರಿ."

ಎದ್ದು ಕೂಡುತ್ತಿದ್ದಳು, ನಿಜ. ಆ ಮೋಸದ ಇಡೀ ಕೀಲಿ ಅಲ್ಲಿತ್ತು. ಬಿಟ್ಟರೆ ಬರುವ ಬೇನೆಗೆ ಗುಳಿಗೆಯೇ ಔಷಧ. ಆದ್ದರಿಂದಲೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ಕೈಮುಗಿದು ಒಯ್ಯುತ್ತಿದ್ದರು. ಇದನ್ನು ತಿಳಿಯದೆ ಮಾಡಿದ್ದರೆ ಅಜ್ಞಾನ ಎನ್ನಬಹುದಿತ್ತು. ಏಳನೇ ತಲೆಯ ವೈದ್ಯ ತಿಳಿದೇ ಮಾಡಿದ್ದ.

ಒಳಗಿನಿಂದ ಖಾಲಾನ ದನಿ ಬಂತು. ದನಿ ಕ್ಷೀಣ, ಮಾತು ಕ್ಷೀಣವಲ್ಲ. "ಸೊಸಿ, ಆ ದೊಡ್ಡ ವೈದ್ಯರಿಗೆ ಹೇಳು, ಅವರ ಮನಿಯವರಿಗೆ ಮೊದಲ ತಿನಸಿ ಬರ್ರಿ ಅಂತ. ಆಮ್ಯಾಲ ನಾ ತಿಂತೀನಿ."

ಟಾಂಗಾ ತಿರುಗಿತು. ಹೋಗುವಾಗ ನನ್ನ ಕಡೆ ಬೆರಳು ತೋರಿಸಿ, "ಸರ್ಟಿಫಿಕೇಟ ಮರೀರಿ" ಎಂದು ಹೋದರು.

ವಾರ ಕಳೆಯುವಷ್ಟರಲ್ಲಿ ಬೇನೆ ಇಳಿಯಿತು. ನಿದ್ದೆ ಬರಲಿಲ್ಲ. ಗುಳಿಗೆಗಿಂತ ಮೊದಲು ಇದ್ದ ನಿದ್ದೆಗೇಡು ಇದ್ದ ಹಾಗೇ ಇತ್ತು. ಈಗ ನಿಜವಾದ ಔಷಧ ಮಾಡಬೇಕಿತ್ತು. ಔಷಧಾಲಯದ ಉಗ್ರಾಣದಿಂದ ನನಗೆ ಒಂದು ಬೇರೂ ಸಿಗದಂತೆ ಆಗಿತ್ತು. ರಜೆ ಹಾಕಿ ಊರಿಗೆ ಹೋದೆ.

ನಮ್ಮೂರ ಪಕ್ಕದ ನಿಡೋಣಿಯ ಎರೆಹೊಲದ ಬದುಗಳಲ್ಲಿ ಅಶ್ವಗಂಧ ತಾನೇ ಬೆಳೆಯುತ್ತದೆ, ಯಾರೂ ಕೇಳುವುದಿಲ್ಲ. ಎಲೆ ಒಣಗಿ ಕಾಯಿ ಕೆಂಪಾದ ಗಿಡಗಳನ್ನು ಆರಿಸಿ ಅಪ್ಪನೂ ನಾನೂ ಗುದ್ದಲಿಯಿಂದ ಅಗೆದೆವು. ಬೇರು ತೊಳೆದು, ನೆರಳಲ್ಲಿ ಒಣಗಿಸಿ, ಕುಟ್ಟಿ, ವಸ್ತ್ರದಲ್ಲಿ ಜರಡಿ ಹಿಡಿದೆ. ಹಿಪ್ಪಲಿಯ ಬೇರನ್ನು ಪೇಟೆಯಿಂದ ತಂದು ಪುಡಿಮಾಡಿ ಹಳೆಯ ಬೆಲ್ಲದಲ್ಲಿ ಉಂಡೆ ಕಟ್ಟಿದೆ. ಅದು ನಿದ್ದೆಗೆಟ್ಟವರಿಗೆ ಸಂಜೆಯ ಊಟದ ಮೊದಲು.

ಎಣ್ಣೆಯ ಕೆಲಸ ನಮ್ಮ ಮನೆಯದು. ಅಪ್ಪ ಗಾಣ ತೊಳೆದು ಬರೀ ಎಳ್ಳು ಹಾಕಿದ. ಆ ಎಣ್ಣೆಗೆ ನಾಲ್ಕು ಪಟ್ಟು ಕಷಾಯ, ಅರೆದ ಜಟಾಮಾಂಸಿ ಬ್ರಾಹ್ಮಿಯ ಮುದ್ದೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಲು ಇಟ್ಟೆ. ಅವ್ವ ಒಲೆಯ ಮುಂದೆ ಕೂತಳು. "ಉರಿ ನನಗ ಬಿಡು, ನೀ ಪಾತ್ರಿ ನೋಡು" ಎಂದಳು. ಮುದ್ದೆಯನ್ನು ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು, ಆ ಬತ್ತಿಯನ್ನು ಕೆಂಡಕ್ಕೆ ಒಡ್ಡಿದರೆ ಚಟಪಟ ಎನ್ನಬಾರದು. ಸದ್ದಿಲ್ಲದಿದ್ದರೆ ನೀರಿನ ಅಂಶ ಹೋಗಿದೆ ಎಂದರ್ಥ. ಅಷ್ಟಾದ ಮೇಲೆ ಇಳಿಸಿ ಸೋಸಿದೆವು.

ಟಿಕೋಟಾದಲ್ಲಿ ಖಾಲಾನ ಸೊಸೆಗೆ ಎಲ್ಲ ಬಿಡಿಸಿ ಹೇಳಿದೆ. ಸಂಜೆ ಬೆಲ್ಲದ ಉಂಡೆ. ಉಂಡ ಮೇಲೆ ಅಶ್ವಗಂಧದ ಪುಡಿಯನ್ನು ಹಾಲಿನಲ್ಲಿ ಕುದಿಸಿ ಕೊಡುವುದು. ಮಲಗುವ ಮುಂಚೆ ನೆತ್ತಿಗೆ ಎಣ್ಣೆ, ಅಂಗಾಲಿಗೆ ಎಣ್ಣೆ ಹಚ್ಚಿ ಕಂಚಿನ ಬಟ್ಟಲಿನ ತಳದಿಂದ ತಿಕ್ಕುವುದು.

ಹದಿನೈದು ದಿನವಾಯಿತು. ಖಾಲಾನ ಕಣ್ಣು ಕೆಂಪಗೆ, ಮೊದಲಿಗಿಂತ ಕೆಟ್ಟದಾಗಿ ತೆರೆದುಕೊಂಡಿದ್ದವು. ಅಫೀಮಿನ ಮಾತನ್ನು ಯಾರೂ ನಂಬಲಿಲ್ಲ, ಸಂತೆಯಲ್ಲಿ ಬೇರೆಯೇ ಮಾತು ಹಬ್ಬಿತು. "ಗಾಣದ ಡಾಕ್ಟರು ಬಂದ್ರು, ತಲಿ ಮುಂದ ಮಾಡ್ರಿ, ಎಣ್ಣಿ ಹಚ್ತಾರ" ಎಂದು ತರುಣರು ನಗುತ್ತಿದ್ದರು. ಗುಳಿಗೆ ಕೇಳಲು ಬಂದವರು ನನ್ನ ಉಂಡೆಯನ್ನು ಮೂಸಿ ಅಲ್ಲೇ ಇಟ್ಟು, ಗುಳಿಗೆಗಾಗಿ ವಿಜಾಪುರಕ್ಕೇ ಹೋದರು. ಓದಿದ್ದನ್ನೆಲ್ಲ ಮತ್ತೆ ತಿರುವಿದೆ. ತೂಕ ಸರಿ, ಬೇರು ಸರಿ, ಪಾಕ ಸರಿ.

ಒಂದು ಸಂಜೆ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಸೊಸೆ ಒಲೆಯ ಮುಂದೆ ಕೂತಿದ್ದಳು. ಪಾತ್ರೆಯಲ್ಲಿ ಕಪ್ಪಗೆ ಕುದಿಯುತ್ತಿದ್ದ ಚಹಾಕ್ಕೆ ನನ್ನ ಅಶ್ವಗಂಧದ ಪುಡಿಯನ್ನು ಭಕ್ತಿಯಿಂದ ಉದುರಿಸುತ್ತಿದ್ದಳು.

"ಇದೇನವಾ? ಹಾಲಿನ್ಯಾಗ ಅಂದಿದ್ನಲ್ಲ?"

"ಇದರಾಗ ಹಾಲು ಹಾಕ್ತೀನಲ್ರಿ," ಎಂದು ಅವಳು ಲೋಟದಲ್ಲಿದ್ದ ಒಂದು ಗುಟುಕು ಹಾಲು ತೋರಿಸಿದಳು. "ಚಹಾದ ಗಾಡಿಯವರು ಹೇಳ್ಯಾರ್ರಿ, ಬರೀ ಹಾಲು ಕುಡದ್ರ ಕಫಾ ಅಂತ, ಚಹಾದಾಗ ಕುಡದ್ರ ಮೈಗೆ ಹತ್ತತೈತಂತ. ನಮ್ಮ ಅತ್ತಿಯವ್ರಿಗೆ ಛಲೋ ಆಗ್ಲಿ ಅಂತ ಚಹಾದ ಸೊಪ್ಪು ಜರಾ ಜಾಸ್ತಿನ ಹಾಕೇನಿ."

ಆ ವರ್ಷ ಚಹಾ ಕಂಪನಿಯವರ ಗಾಡಿಯೊಂದು ಸಂತೆ ಸಂತೆಗೆ ಬಂದು, ಪುಕ್ಕಟೆ ಚಹಾ ಕುಡಿಸಿ, ಮನೆಮನೆಗೆ ಡಬ್ಬಿ ಕೊಟ್ಟು ಹೋಗುತ್ತಿತ್ತು. ಸೊಸೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಗಾಡಿಯವರ ಮೇಲೆ ಬಂತು. ಮುಂದಿನ ಸಂತೆಯಲ್ಲಿ ಗಾಡಿಯ ಮುಂದೆ ನಿಂತು ಕೇಳಿದೆ:

"ನಿದ್ದಿ ಇಲ್ಲದ ಹೆಂಗಸರಿಗೆ ಸಂಜಿಮುಂದ ಇದನ್ನ ಕುಡೀರಿ ಅಂತ ಹೇಳೀರೇನು?"

"ಎಲ್ಲಾರಿಗೂ ಹೇಳ್ತೀವ್ರೀ," ಎಂದ ಗಾಡಿಯವನು ಹೆಮ್ಮೆಯಿಂದ. "ಒಂದು ಕಪ್ ಕುಡೀರಿ, ಮುಂಜಾನೆತನಕ ಚುರುಕ್ ಇರ್ತೀರಿ. ತಗೋರಿ ಡಾಕ್ಟರ್ರ, ನೀವು ಭಾಳ ದಣದೀರಿ."

ಸುತ್ತ ನಿಂತವರು ನಕ್ಕರು. ಆದರೆ ನಗುವವರಲ್ಲಿ ಗುಳಿಗೆ ನುಂಗುವವರೂ ಇದ್ದರು. 'ಮುಂಜಾನೆತನಕ ಚುರುಕ್' ಎಂಬ ಮಾತು ಅವರ ತಲೆಗೂ ಹೊಕ್ಕಿತು. ನನ್ನ ನೂರು ಮಾತು ಮಾಡದ ಕೆಲಸವನ್ನು ಗಾಡಿಯವನೇ ಮಾಡಿಕೊಟ್ಟ.

ಇನ್ನು ಹಾಲು. ಊರಿನ ಎಮ್ಮೆಗಳ ಹಾಲೆಲ್ಲ ಖೋವಾಕ್ಕೆಂದು ವಿಜಾಪುರಕ್ಕೆ ಹೋಗುತ್ತಿತ್ತು. ಪಕ್ಕದ ಗೌಳಿಯವನಿಗೆ ಹೇಳಿ ಒಂದು ಬಟ್ಟಲು ಹಾಲು ಖಾಲಾನ ಮನೆಗೆ ಗೊತ್ತುಮಾಡಿದೆ. ಎಮ್ಮೆಯ ಹಾಲೇ ಬೇಕು. ಅದರ ಜಡವೇ ಇಲ್ಲಿ ಗುಣ. ಚಹಾದ ಡಬ್ಬಿಯನ್ನು ಖಾಲಾ ಸ್ವತಃ ಅಟ್ಟಕ್ಕೆ ಏರಿಸಿದಳು.

ಮೊದಲು ಮೈಯ ಬಿಗಿ ಬಿಟ್ಟಿತು. ಆಮೇಲೆ ಮಧ್ಯಾಹ್ನ ಬುಟ್ಟಿಗೆ ಒರಗಿ ತೂಕಡಿಸಿದಳು. ಆಮೇಲೆ ಒಂದು ಬೆಳಿಗ್ಗೆ ನಾನು ಬಾಗಿಲು ತೆರೆಯುತ್ತಿದ್ದ ಹಾಗೆ ಸೆರಗು ಕಟ್ಟಿಕೊಂಡು ಜಗಳಕ್ಕೇ ಬಂದಳು.

"ಏನ್ ಮಾಡಿದ್ಯೋ ಬೇಟಾ ನನಗ? ನಸಕಿನ ಫಜರ್ ಬಾಂಗ್ ಕೇಳಲೇ ಇಲ್ಲ! ಬಿಸಲು ಮಾರಿಮ್ಯಾಲ ಬಿದ್ದ ಮ್ಯಾಲ ಎದ್ದೀನಿ. ನನ್ನ ನಮಾಜ್ ತಪ್ಪಿಸಿದ್ಯಲ್ಲ, ಇದರ ಜವಾಬು ನೀ ಕೊಡಾಂವೇನು?"

"ಖಾಲಾ, ನಿದ್ದಿ ಬಂತ್ರಿ!"

"ಬಂತಲ್ಲ, ಅದಕ್ಕ ಜಗಳಾ ಮಾಡಾಕತ್ತೇನಿ," ಎಂದಳು. ಕಣ್ಣಿನ ಪಾಪೆ ನೋಡಿದೆ. ನೆರಳಲ್ಲಿ ಅಗಲವಾಗಿತ್ತು.

ತಿಂಗಳೊಪ್ಪತ್ತಿನಲ್ಲಿ ಬೆರಳುಗಳಿಗೆ ಬಿಗುವು ಬಂತು. ಬಿಗಿ ಅಳತೆಯ ಬಳೆಯನ್ನು ಮಾತಾಡುತ್ತ ಮಾತಾಡುತ್ತ ಏರಿಸುವ ಹಳೆಯ ಕೈ ಮರಳಿತು.

ನನ್ನ ವರುಷವೂ ಮುಗಿಯಿತು. ಸರ್ಟಿಫಿಕೇಟು ಕೇಳಿದೆ. ಆಜ್ಞೆ ಮೀರಿದವನಿಗೆ ಇಲ್ಲ ಎಂದರು ಮುಖ್ಯ ವೈದ್ಯರು. ನಾನು ಸಮಿತಿಯ ಅಧ್ಯಕ್ಷರ ಅಡತಿ ಅಂಗಡಿಗೆ ಹೋದೆ. ಅಧ್ಯಕ್ಷರು ಕಾಳಿನ ವ್ಯಾಪಾರಿ, ತಕ್ಕಮಟ್ಟಿಗೆ ಸಭ್ಯರು. ಮುಖ್ಯ ವೈದ್ಯರನ್ನೂ ಕರೆಸಿದರು. ಗಾದಿಯ ಮುಂದೆ ಗಾಜಿನ ಲೋಟ ಇಟ್ಟು, ಅವರೇ ತರಿಸಿದ ಗುಳಿಗೆಯನ್ನು ಕದಡಿ ಸೋಸಿ ಹನಿ ಬಿಟ್ಟೆ. ಕೆಂಪಾಯಿತು. ಅದರ ಅರ್ಥವನ್ನು ಹೇಳಿದೆ.

ಅಧ್ಯಕ್ಷರು ಮುಖ್ಯ ವೈದ್ಯರ ಮುಖ ನೋಡಲಿಲ್ಲ, ಬಾಗಿಲ ಕಡೆ ನೋಡಿದರು. ಅಬಕಾರಿ ಇಲಾಖೆಯವರು ಬಂದರೆ ಗತಿಯೇನು ಎಂಬುದೊಂದೇ ಅವರ ಚಿಂತೆ. ಬಾಗಿಲು ಹಾಕಿಸಿದರು.

"ತಮ್ಮಾ, ನಿನಗೆ ಬೇಕಾದದ್ದು ಸಹಿ ಅಲ್ಲೇನು? ಇಲ್ಲೇ ಮಾಡಸ್ತೀನಿ. ತಗೊಂಡು ಹೋಗು. ಈ ಲೋಟದ ಮಾತು ಈ ಬಾಗಲಾ ದಾಟಬಾರ್ದು."

ಕಾಗದ ಬಂತು. ಮುಖ್ಯ ವೈದ್ಯರು ಸಹಿ ಹಾಕಿದರು. ಅದು ಗಾದಿಯ ಮೇಲೆ ನನ್ನ ಕೈಯಳತೆಯಲ್ಲಿ ಬಿದ್ದಿತ್ತು. ಅಪ್ಪನ ಗಾಣ, ಕಾಲೇಜಿನ ವರುಷಗಳು, ಬೆಂಚಿನ ಮೇಲಿನ ನಗೆ, ಎಲ್ಲಕ್ಕೂ ಅಲ್ಲಿ ಉತ್ತರ ಇತ್ತು.

"ಗುಳಿಗಿ ತಿನ್ನಾವ್ರಿಗೆ ಯಾರು ಹೇಳಾವ್ರು?" ಎಂದು ಕೇಳಿದೆ.

"ಮಾಡೂದ ಬಂದ್ ಮಾಡ್ತೀವಿ. ಹೇಳೂದ್ಯಾಕ?"

"ಒಮ್ಮಿಗೇ ಬಂದ್ ಮಾಡಿದ್ರ ಮಂದಿಗೆ ಖಾಲಾನ ಗತಿ ಆಗ್ತೈತ್ರಿ. ಮುದುಕರು ತಡಕೊಳ್ಳಂಗಿಲ್ಲ. ಅವರಿಗೆ ತಿಂದದ್ದು ಏನಂತ ಹೇಳಬೇಕು, ಹಂತಹಂತವಾಗಿ ಬಿಡಸಬೇಕು. ಅದನ್ನ ನಿಮ್ಮ ಔಷಧಾಲಯದಾಗ, ಎಲ್ಲಾರ ಮುಂದ ಮಾಡಬೇಕು."

"ನಿನಗ ಸರ್ಟಿಫಿಕೇಟ ಬೇಕೋ ಬ್ಯಾಡೋ?"

"ಕೆಲಸಾ ಮಾಡಿದ್ದಕ್ಕ ಬೇಕ್ರಿ. ಬಾಯಿ ಮುಚ್ಚಿದ್ದಕ್ಕ ಬ್ಯಾಡ."

ಎದ್ದು ಬಂದೆ. ಕಾಗದ ಅಲ್ಲೇ ಉಳಿಯಿತು. ಬಬಲೇಶ್ವರಕ್ಕೆ ಬರಿಗೈಯಲ್ಲಿ ಹೋದಾಗ ಅಪ್ಪ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿದ. ಅವ್ವ ರೊಟ್ಟಿ ಬಡಿದಳು. ನಾನು ಗಾಣಕ್ಕೆ ಎಳ್ಳು ಸುರಿದೆ. ಮುಖ್ಯ ವೈದ್ಯರ ಮಾತು ನಿಜವಾಯಿತು ಎಂದು ಊರಿನ ಕೆಲವರು ಹೇಳಿದ್ದು ಕಿವಿಗೆ ಬಿತ್ತು.

ಶ್ರಾವಣ ಬಂತು. ಪಂಚಮಿಗೆ ಹೊಸ ಬಳೆ ಇಡಿಸಿಕೊಳ್ಳದ ಹೆಣ್ಣುಮಗಳು ನಮ್ಮ ಸೀಮೆಯಲ್ಲಿಲ್ಲ. ದೊಡ್ಡ ಮನೆತನಗಳ ಹೆಂಗಸರು ಸಂತೆಗೆ ಬರುವುದಿಲ್ಲ, ಬಳೆಗಾರಳೇ ಒಳಮನೆಗೆ ಹೋಗಬೇಕು. ವಿಜಾಪುರದ ಇಂಥ ಮನೆಗಳು ಖಾಲಾನ ಅತ್ತೆಯ ಕಾಲದಿಂದಲೂ ಅವಳವು. ಅಧ್ಯಕ್ಷರ ಮನೆಯೂ ಅವುಗಳಲ್ಲೊಂದು.

ನಾನು ಅವಳಿಗೆ ಏನೂ ಹೇಳಿ ಕಳಿಸಿರಲಿಲ್ಲ. ಅಂಗಡಿಯಲ್ಲಿ ನಡೆದದ್ದು ಅವಳಿಗೆ ಹೇಗೋ ತಿಳಿದಿತ್ತು. ಅಧ್ಯಕ್ಷರ ತಾಯಿಯ ಕೈ ಹಿಡಿದು ಬಳೆ ಏರಿಸುವಾಗ ಕಣ್ಣು ನೋಡಿದಳಂತೆ. ಪಾಪೆ ಸಾಸಿವೆಕಾಳು. "ಅಮ್ಮಾರ, ನೀವೂ ಆ ಗುಳಿಗಿ ತಿಂತೀರೇನು?" ಎಂದು ಕೇಳಿದಳಂತೆ. ಆಮೇಲೆ ಸೊಸೆಯಂದಿರು, ಹೆಣ್ಣುಮಕ್ಕಳು, ನೆರೆಮನೆಯವರು ಸುತ್ತ ಕೂತಿರಲು, ಮೂಗು ಸೋರಿದ್ದರಿಂದ ಹಿಡಿದು ನಮಾಜ್ ತಪ್ಪಿದ್ದರವರೆಗೆ, ಒಂದನ್ನೂ ಬಿಡದೆ ಹೇಳಿದಳಂತೆ. ಬಾಗಿಲು ಹಾಕಿಸಿ ಮುಚ್ಚಿಟ್ಟ ಮಾತು ಒಳಮನೆಯಿಂದ ಹೊರಗೆ ಬಂತು. ಹಬ್ಬದ ಉಂಡಿ ಮುಗಿಯುವಷ್ಟರಲ್ಲಿ ಇಡೀ ಪೇಟೆಗೆ ಗೊತ್ತು. "ನನಗ ನಾಲ್ಕು ವರ್ಷ ಅಫೀಮು ತಿನಿಸಿ ಧರ್ಮ ಅಂತ ಹೆಸರಿಟ್ಟಿಯೇನು?" ಎಂದು ತಾಯಿ ಮಗನ ಕೈಯ ನೀರು ಕುಡಿಯಲಿಲ್ಲವಂತೆ.

ಅಧ್ಯಕ್ಷರ ಆಳು ಬಬಲೇಶ್ವರಕ್ಕೆ ಬಂದ. ನನ್ನ ಶರತ್ತು ಹಾಗೇ ಒಪ್ಪಿದ್ದರು.

ಅದೇ ಬೆಂಚು. ನಾನು ಒಬ್ಬೊಬ್ಬರನ್ನೂ ಕೂಡಿಸಿ, ಅವರು ತಿಂದದ್ದು ಏನೆಂದು ಹೇಳಿದೆ. ಕೆಲವರು ಅತ್ತರು, ಕೆಲವರು ನನಗೇ ಬೈದರು. ಒಬ್ಬ ಒಕ್ಕಲಿಗ, "ಇದ್ದದ್ದನ್ನ ಕೊಡೋ ಯಪ್ಪಾ, ನನಗ ಶಾಸ್ತ್ರ ಬ್ಯಾಡ" ಎಂದು ಕಾಲು ಹಿಡಿದ. ಗುಳಿಗೆಯನ್ನು ಮುಕ್ಕಾಲು, ಅರ್ಧ, ಕಾಲು ಮಾಡಿ ಇಳಿಸಿದೆ. ಇಳಿದಷ್ಟಕ್ಕೆ ಅಶ್ವಗಂಧ, ಹಾಲು, ಅಂಗಾಲಿಗೆ ಅಪ್ಪನ ಎಣ್ಣೆ. ಅಧ್ಯಕ್ಷರ ತಾಯಿಗೆ ಎಲ್ಲರಿಗಿಂತ ಹೆಚ್ಚು ದಿನ ಹಿಡಿಯಿತು. ಕೆಲವರು ಕೊನೆಗೂ ಬಿಡಲಿಲ್ಲ, ಬೇರೆ ಕಡೆ ಹುಡುಕಿಕೊಂಡು ಹೋದರು.

ಮುಖ್ಯ ವೈದ್ಯರಿಗೆ ಏನೂ ಆಗಲಿಲ್ಲ. ಅದೇ ಮೇಜು, ಅದೇ ಎಲೆ ಸುಣ್ಣ. ಸಮಿತಿಯವರು ಅಫೀಮು ಎಂಬ ಶಬ್ದವನ್ನು ಎಲ್ಲೂ ಬರೆಯಲಿಲ್ಲ. ಡಬ್ಬಿಯ ಚೀಟಿಗಳನ್ನು ಒಲೆಗೆ ಹಾಕಿದರು, ಅಷ್ಟೇ. ಜನರ ಕ್ಷಮೆ ಯಾರೂ ಕೇಳಲಿಲ್ಲ. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ, ಆರಬೇಕೆಂಬ ಆಸೆಯೂ ಇಲ್ಲ.

ಸರ್ಟಿಫಿಕೇಟು ಕೊಡುವ ದಿನ ಮುಖ್ಯ ವೈದ್ಯರು ಕೂತಲ್ಲಿಂದ ಏಳಲಿಲ್ಲ. ಬಲಗೈ ತೊಡೆಯ ಮೇಲೆ ಹಾಗೇ ಇತ್ತು. ಎಡಗೈಯಲ್ಲಿ ಕಾಗದ ಹಿಡಿದು ಮುಂದೆ ಚಾಚಿದರು. ಬೆಂಚಿನ ಮೇಲಿನವರು ನೋಡುತ್ತಿದ್ದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ.

"ತಗೋರಿ," ಎಂದರು.

ನಾನು ನಿಂತೇ ಇದ್ದೆ. ಅವರು ಬೆಂಚಿನ ಕಡೆ ಒಮ್ಮೆ ನೋಡಿದರು. ಕೊನೆಗೆ ಕಾಗದ ಬಲಗೈಗೆ ಬಂತು. ಆಗ ತೆಗೆದುಕೊಂಡೆ.

ಬಬಲೇಶ್ವರದಲ್ಲಿ ಅವ್ವ ಕೈಯ ಹಿಟ್ಟು ಒರೆಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದಳು. ಓದಲು ಬರುವುದಿಲ್ಲ. ಸಹಿಯ ಮೇಲೆ ಬೆರಳಿಟ್ಟು, "ಇದು ಅವನದೇನು?" ಎಂದಳು. ಹೌದು ಎಂದೆ.

"ಇಷ್ಟ ಗೀಟು ಎಳ್ಯಾಕ ವರ್ಷಗಟ್ಟಲೆ ಸತಾಯಿಸ್ಯಾನಲ್ಲೋ ಯಪ್ಪಾ," ಎಂದಳು. "ಮಂದೀನ್ನೆಲ್ಲಾ ಅಫೀಮು ತಿನಿಸಿ ಮಲಗಿಸಿ, ಅವನಿಗೆ ನಿದ್ದಿ ಹೆಂಗ ಬರ್ತಿತ್ತು?"